ವೈರಸ್ಸೇನೋ ಸುಮ್ಮನಿದೆ

ನಾನು ದಪ್ಪಗಾದಾಗ ನಮ್ಮ ಓಣಿಯವರೆಲ್ಲ ಖುಷಿಪಟ್ಟರು. "ಈಗ ನೋಡವಾ, ಮೈ ಕೈ ತುಂಬ್ಕೊಂಡು ಎಷ್ಟು ಛಲೋ ಕಾಣ್ತಿ" ಎಂದರು. ನನಗೂ ಖುಷಿಯೇ. ಎಚ್‌ಐವಿ ಇಟ್ಟುಕೊಂಡು ಬಾಳುವವರಿಗೆ ತೂಕ ಏರಿತು ಅಂದರೆ ಜೀವ ಗಟ್ಟಿ ಆಯಿತು ಅಂತಲೇ ಅರ್ಥ. ನಾವು ಹೆದರಿದ್ದೆಲ್ಲ ತೂಕ ಇಳಿಯುವುದಕ್ಕೆ. ಹಾಗಾಗಿ ಆ ತೂಕದ ಜೊತೆಗೆ ಶುಗರ್, ಬಿಪಿ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಎಲ್ಲ ಕೈ ಹಿಡಿದು ಬರುತ್ತಿವೆ ಅಂತ ಯಾರಿಗೂ ಹೊಳೆಯಲಿಲ್ಲ.

ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಾನು ಟೇಲರ್. ಬ್ಲೌಸು, ಮಕ್ಕಳ ಯೂನಿಫಾರ್ಮು, ಸೀರೆಗೆ ಫಾಲು. ಹೆಸರು ಹೇಳುವುದಿಲ್ಲ, ಯಾಕೆ ಅಂತ ಗೊತ್ತಲ್ಲ. ಮನೆಯವರು ಹೋದ ಮೇಲೆ ನನ್ನದೂ ಟೆಸ್ಟ್ ಆಯಿತು. 2006ರಲ್ಲಿ ಗುಳಿಗೆ ಶುರುವಾಯಿತು. ಆಗ ಸಿಡಿ ಫೋರ್, ಅಂದರೆ ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ, 200ಕ್ಕಿಂತ ಕೆಳಗೆ ಇಳಿದರೆ ಮಾತ್ರ ವೈರಸ್ಸು ತಡೆಯುವ ಗುಳಿಗೆ, ಅಂದರೆ ಎಆರ್‌ಟಿ ಕೊಡುತ್ತಿದ್ದರು. ನನ್ನದು 134 ಇತ್ತು. ತೂಕ 41 ಕಿಲೋ. ಸರಕಾರ 2004ರ ಏಪ್ರಿಲ್‌ನಲ್ಲಿ ಉಚಿತ ಎಆರ್‌ಟಿ ಶುರು ಮಾಡಿದಾಗ ಇಡೀ ದೇಶದಲ್ಲಿ ಸೆಂಟರುಗಳು ಎಂಟೇ. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ನನ್ನ ಪಾಳಿ ಬರುವ ಹೊತ್ತಿಗೆ ಹುಬ್ಬಳ್ಳಿವರೆಗೆ ಹೋದರೆ ಸಾಕಾಗಿತ್ತು.

ಕೊಟ್ಟಿದ್ದು ಎಸ್‌ಎಲ್‌ಎನ್. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಮೂರೂ ಒಂದೇ ಗುಳಿಗೆಯಲ್ಲಿ. ದಿನಕ್ಕೆ ಎರಡು ಹೊತ್ತು. ಮೈ ಮೇಲೆ ಗುಳ್ಳೆ ಏಳಬಾರದು ಅಂತ ನೆವಿರಾಪಿನ್‌ ಅನ್ನು ಮೊದಲ ಎರಡು ವಾರ ಒಂದೇ ಹೊತ್ತು ಕೊಡುತ್ತಿದ್ದರು. ನನಗೆ ಅದೇನೂ ತೊಂದರೆ ಆಗಲಿಲ್ಲ. ಆರು ತಿಂಗಳಲ್ಲಿ ಹಸಿವು ಬಂತು, ಜ್ವರ ಹೋಯಿತು, ಮತ್ತೆ ಮಷಿನ್ ಮುಂದೆ ಕೂತೆ. ಗುಳಿಗೆಯ ಬಗ್ಗೆ ಮುಂದೆ ಏನೇ ದೂರಿದರೂ ಈ ಮಾತನ್ನು ಮೊದಲು ಹೇಳಿಬಿಡಬೇಕು.

ಮೈಯಲ್ಲಿ ಏನೋ ಆಗುತ್ತಿದೆ ಅಂತ ನನಗೆ ಮೊದಲು ತೋರಿಸಿದ್ದು ಟೇಪು. ಗಿರಾಕಿಗಳ ಅಳತೆ ಬರೆದಿಡುವ ಪುಸ್ತಕದಲ್ಲಿ ನನ್ನದೂ ಒಂದು ಹಾಳೆ ಇದೆ. ತೋಳಿನ ಸುತ್ತಳತೆ 10 ಇಂಚು ಇದ್ದದ್ದು 8.5ಕ್ಕೆ ಬಂತು. ಸೊಂಟ ಮಾತ್ರ 27ರಿಂದ 30ಕ್ಕೆ ಹೋಯಿತು. ಕಡಿಮೆ ಉಂಡು ಸೊರಗಿದರೆ ಎಲ್ಲ ಕಡೆಯೂ ಸೊರಗಬೇಕು, ಅಲ್ವಾ? ಇಲ್ಲಿ ತೋಳು, ತೊಡೆ, ಕುಂಡಿ ಕರಗುತ್ತಿತ್ತು. ಹೊಟ್ಟೆ ಉಬ್ಬುತ್ತಿತ್ತು. ಗಟ್ಟಿ ನೆಲದ ಮೇಲೆ ಕೂತರೆ ಮೂಳೆ ಒತ್ತುತ್ತಿತ್ತು. ಕಾಲಿನ ನರಗಳು ಹಗ್ಗದ ಹಾಗೆ ಮೇಲೆದ್ದು ಕಾಣುತ್ತಿದ್ದವು. ಕುತ್ತಿಗೆ ಹಿಂದೆ, ಬ್ಲೌಸಿನ ಬೆನ್ನು ಕೂಡುವ ಜಾಗದಲ್ಲಿ, ಒಂದು ಮೆತ್ತನೆಯ ಉಬ್ಬು ಬಂದಿತ್ತು. ಎಷ್ಟು ಸಲ ಬಿಚ್ಚಿ ಹೊಲಿದರೂ ಹಿಂದಿನ ಕೊರಳು ಸರಿ ಕೂರುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮುಖ. ಕೆನ್ನೆಯ ಕೊಬ್ಬು ಕರಗಿ ಎರಡೂ ಕಡೆ ಗುಣಿ ಬಿದ್ದಿತ್ತು. ಕಣತಲೆ ಒಳಗೆ ಹೋಗಿತ್ತು. ನನ್ನ ಸಿಡಿ ಫೋರ್ ಆಗ 400 ದಾಟಿತ್ತು. ಅಂದರೆ ರೋಗ ಹಿಡಿತಕ್ಕೆ ಬಂದಿತ್ತು. ಆದರೆ ಮುಖ ನೋಡಿದವರು ರೋಗ ಏರಿದೆ ಅಂತಲೇ ತಿಳಿಯುತ್ತಿದ್ದರು. ಊರಲ್ಲಿ ಅದಕ್ಕೊಂದು ಗುರುತು ಆಗಿಬಿಟ್ಟಿತ್ತು. ಕೆನ್ನೆ ಬಿದ್ದವರೆಲ್ಲ 'ಆ ರೋಗದವರು'. ಬಸ್ಸಿನಲ್ಲಿ ನನ್ನಂಥದೇ ಮುಖ ಕಂಡರೆ ನಾನೂ ಅವರೂ ತಟ್ಟನೆ ಬೇರೆ ಕಡೆ ನೋಡುತ್ತಿದ್ದೆವು. ಗುರುತು ಹಚ್ಚಿತ್ತು ರೋಗ ಅಲ್ಲ, ಗುಳಿಗೆ. ಅದನ್ನು ಯಾರಿಗೆ ಅಂತ ಬಿಡಿಸಿ ಹೇಳುವುದು?

ಇದಕ್ಕೆ ಲಿಪೊಡಿಸ್ಟ್ರೋಫಿ ಅನ್ನುತ್ತಾರೆ. ಯಾಕೆ ಹೀಗಾಗುತ್ತದೆ ಅಂತ ನನಗೆ ಚೆನ್ನಾಗಿ ಬಿಡಿಸಿ ಹೇಳಿದ್ದು ಆಮೇಲೆ ಬಂದ ಒಬ್ಬ ಡಾಕ್ಟರು. ವೈರಸ್ಸು ನಮ್ಮ ಜೀವಕೋಶದೊಳಗೆ ತನ್ನ ನಕಲು ಮಾಡಿಕೊಳ್ಳುತ್ತದೆ. ಆ ನಕಲು ಕೆಲಸವನ್ನು ನಿಲ್ಲಿಸುವುದೇ ಸ್ಟಾವುಡಿನ್ ಕೆಲಸ. ಆದರೆ ನಮ್ಮ ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇವೆ. ಅವಕ್ಕೆ ತಮ್ಮದೇ ಡಿಎನ್‌ಎ ಇದೆ, ಅದೂ ನಕಲು ಆಗುತ್ತಿರಬೇಕು. ಸ್ಟಾವುಡಿನ್ ಅಲ್ಲಿಗೂ ಅಡ್ಡ ಬರುತ್ತದೆ. ಶಕ್ತಿ ಸಾಲದೆ ಚರ್ಮದ ಕೆಳಗಿನ ಕೊಬ್ಬಿನ ಕೋಶಗಳು ಸಾಯುತ್ತವೆ. ಕೊಬ್ಬು ಇಡಲು ತೋಳಿನಲ್ಲಿ, ಕಾಲಿನಲ್ಲಿ ಜಾಗ ಇಲ್ಲದ ಮೇಲೆ ಅದು ಹೊಟ್ಟೆಯೊಳಗೆ, ಲಿವರಿನಲ್ಲಿ, ರಕ್ತದಲ್ಲಿ ಉಳಿಯುತ್ತದೆ. ಇನ್ಸುಲಿನ್ ಮಾತು ಕೇಳದ ಹಾಗೆ ಮೈ ಆಗುವುದು ಇಲ್ಲಿಂದಲೇ. "ಶುಗರಿಗೆ ಅಡಿಪಾಯ ಆಗಲೇ ಬಿದ್ದಿರಬಹುದಮ್ಮ" ಎಂದರು ಅವರು.

ಮೈಟೊಕಾಂಡ್ರಿಯಾಕ್ಕೆ ಪೆಟ್ಟು ಬಿದ್ದರೆ ನರಗಳಿಗೂ ಪೆಟ್ಟು. ಅಂಗಾಲು ಉರಿಯಲು ಶುರುವಾಯಿತು. ರಾತ್ರಿ ತಣ್ಣನೆಯ ಗಚ್ಚಿನ ಮೇಲೆ ಕಾಲಿಟ್ಟುಕೊಂಡು ಮಲಗುತ್ತಿದ್ದೆ. ಆಮೇಲೆ ಉರಿ ಹೋಗಿ ಜೋಮು ಬಂತು. ಚಪ್ಪಲಿ ಬಿಟ್ಟುಹೋದರೂ ಗೊತ್ತಾಗುತ್ತಿರಲಿಲ್ಲ. ನನ್ನದು ಕಾಲಲ್ಲಿ ತುಳಿಯುವ ಮಷಿನ್. ಪೆಡಲಿನ ಮೇಲೆ ಕಾಲು ಎಲ್ಲಿದೆ ಅಂತ ಕಣ್ಣಿಂದ ನೋಡಿಕೊಂಡು ತುಳಿಯುವ ಹಾಗಾಯಿತು. ಹೊಲಿಗೆ ಸೊಟ್ಟ ಬರತೊಡಗಿತು. ಕೊನೆಗೆ ಸಾಲ ಮಾಡಿ ಮಷಿನ್ನಿಗೆ ಮೋಟರ್ ಕೂಡಿಸಿದೆ. ಕೆಲಸ ಸಲೀಸಾಯಿತು. ಆದರೆ ದಿನವಿಡೀ ಕಾಲಿಗೆ ಇದ್ದ ಒಂದೇ ಒಂದು ವ್ಯಾಯಾಮವೂ ಹೋಯಿತು. ಈಗ ಯೋಚಿಸಿದರೆ ನಗು ಬರುತ್ತದೆ.

ಸ್ಟಾವುಡಿನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ದೇಶಗಳಿಗೆ ಹೇಳಿತ್ತು. ಒಮ್ಮೆ ಆದ ಹಾನಿ ಬಹಳ ಸಲ ವಾಪಸ್ ಸರಿಯಾಗುವುದಿಲ್ಲ, ಕೆಲವರಿಗೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜೀವಕ್ಕೇ ಕುತ್ತು ಬರುತ್ತದೆ ಅನ್ನುವ ಕಾರಣಕ್ಕೆ. ಆದರೂ ನಮ್ಮಂಥವರ ಕೈಯಿಂದ ಅದು ಹೋಗುವುದಕ್ಕೆ ವರ್ಷಗಳೇ ಬೇಕಾದವು. ಅಗ್ಗದ ಔಷಧಿ, ಅದಿಲ್ಲದೆ ಅಷ್ಟು ಜನಕ್ಕೆ ಕೊಡಲು ಆಗುತ್ತಿರಲಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ತಡವಾದದ್ದನ್ನು ಮಾತ್ರ ಒಪ್ಪಲು ನನಗಿನ್ನೂ ಆಗಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಟಾವುಡಿನ್ ಬದಲು ಝಿಡೋವುಡಿನ್ ಕೊಟ್ಟರು. ಅದರಿಂದ ಹಿಮೋಗ್ಲೋಬಿನ್ 7ಕ್ಕೆ ಇಳಿಯಿತು. ಅದನ್ನೂ ಬಿಡಿಸಿ ಟಿಎಲ್‌ಇ ಕೊಟ್ಟರು: ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್. ರಾತ್ರಿ ಒಂದೇ ಗುಳಿಗೆ. ಮೊದಲ ವಾರಗಳಲ್ಲಿ ತಲೆ ತಿರುಗು, ವಿಚಿತ್ರ ಕನಸು. ಆಮೇಲೆ ಒಗ್ಗಿತು. ಕಾಲಿನ ಉರಿ ಅರ್ಧ ಕಡಿಮೆಯಾಯಿತು. ಕೆನ್ನೆ ಸ್ವಲ್ಪ ತುಂಬಿತು, ಪೂರ್ತಿ ಅಲ್ಲ. ಗುಣಿ ಈಗಲೂ ಇದೆ. 2018ರಿಂದ ರಕ್ತದಲ್ಲಿ ವೈರಸ್ಸು ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಟೆಸ್ಟ್ ಎಲ್ಲರಿಗೂ ಬಂತು. ನನ್ನದು ಪ್ರತಿ ಸಲವೂ ಟೆಸ್ಟಿಗೆ ಸಿಗದಷ್ಟು ಕಡಿಮೆ.

2021ರಲ್ಲಿ ಟಿಎಲ್‌ಡಿ ಬಂತು. ಎಫಾವಿರೆಂಜ್ ಹೋಗಿ ಅದರ ಜಾಗಕ್ಕೆ ಡೋಲುಟೆಗ್ರಾವಿರ್. ಒಳ್ಳೆ ಗುಳಿಗೆ ಇದು, ಸುಳ್ಳು ಹೇಳಬಾರದು. ತಲೆ ತಿರುಗುವುದಿಲ್ಲ, ಹೊಟ್ಟೆ ಕೆಡುವುದಿಲ್ಲ. ವೈರಸ್ಸು ಸುಲಭಕ್ಕೆ ಇದನ್ನು ಮೀರಿ ಬೆಳೆಯುವುದಿಲ್ಲ. ಹಸಿವು ಚೆನ್ನಾಗಿ ಆಗತೊಡಗಿತು. 58 ಇದ್ದ ತೂಕ 67 ಆಗಲು ಎರಡು ವರ್ಷ ಹಿಡಿಯಿತು. ಎಷ್ಟೋ ವರ್ಷದ ಮೇಲೆ ನನ್ನ ತೋಳು ತುಂಬಿದ ತೋಳಿನ ಹಾಗೆ ಕಾಣುತ್ತಿತ್ತು. ಹಳೆ ಬ್ಲೌಸುಗಳನ್ನೆಲ್ಲ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಹೊರತೆಗೆದು ಸಡಿಲ ಮಾಡಿಕೊಂಡೆ. ಓಣಿಯವರು ಛಲೋ ಕಾಣ್ತಿ ಅಂದದ್ದು ಈಗಲೇ.

ಸೆಂಟರಿನಲ್ಲೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲಿಯ ಲೆಕ್ಕದಲ್ಲಿ ನಾನು ಒಳ್ಳೆಯ ಪೇಷಂಟ್. ಗುಳಿಗೆ ತಪ್ಪಿಸುವುದಿಲ್ಲ, ವೈರಲ್ ಲೋಡ್ ಇಲ್ಲ. ಅಂಥವರಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೇ ಕೊಟ್ಟು ಕಳಿಸುತ್ತಾರೆ. ಕೂಲಿ ಬಿಟ್ಟು ತಿಂಗಳು ತಿಂಗಳು ಬರುವುದು ತಪ್ಪಿತು, ದೊಡ್ಡ ಉಪಕಾರ. ಆದರೆ ತಕ್ಕಡಿ ಹತ್ತುವುದೂ, ಬಿಪಿ ನೋಡುವುದೂ ವರ್ಷಕ್ಕೆ ನಾಲ್ಕೇ ಸಲ ಆಯಿತು. ಸೆಂಟರಿನವರು ಕೊಟ್ಟ ಹಸಿರು ಪುಸ್ತಕದಲ್ಲಿ ತೂಕ 61, 63, 64 ಅಂತ ಒಂದರ ಕೆಳಗೊಂದು ಬರೆದದ್ದಿದೆ. ಒಂದೊಂದು ಸಲ ನೋಡಿದರೆ ಏನೂ ಅನ್ನಿಸುವುದಿಲ್ಲ. ಒಟ್ಟಿಗೆ ನೋಡಿದರೆ ಗೊತ್ತಾಗುತ್ತದೆ.

ಒಟ್ಟಿಗೆ ನೋಡಿದ್ದು ಹೊಸದಾಗಿ ಬಂದ ಮೆಡಿಕಲ್ ಆಫೀಸರ್. ಹುಡುಗಿ, ನನ್ನ ಮಗಳ ವಯಸ್ಸು. "ಸೊಂಟದ ಅಳತೆ ಎಷ್ಟಮ್ಮ?" ಎಂದು ಕೇಳಿದರು. ಟೇಲರಿಗೆ ಅದನ್ನು ಕೇಳಬೇಕೇ! ಚೀಲದಲ್ಲಿ ಟೇಪ್ ಇತ್ತು, ಅಲ್ಲೇ ತೆಗೆದು ಸುತ್ತಿ ತೋರಿಸಿದೆ. 36 ಇಂಚು. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದಂತೆ. ಅಂದರೆ 31.5 ಇಂಚು. ನಾನು ಟೇಪನ್ನು ಮಡಚುತ್ತಾ ಮನಸ್ಸಿನಲ್ಲೇ ನನ್ನ ಗಿರಾಕಿಗಳ ಪುಸ್ತಕ ತಿರುವಿದೆ. ಅರ್ಧಕ್ಕರ್ಧ ಜನ ದಾಟಿದವರೇ.

ಅವರು ಬರೆದುಕೊಟ್ಟದ್ದು ಖಾಲಿ ಹೊಟ್ಟೆಯ ಶುಗರ್, ರಕ್ತದ ಕೊಬ್ಬು ನೋಡುವ ಲಿಪಿಡ್, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್, ಮೂತ್ರ. ಖಾಲಿ ಹೊಟ್ಟೆ ಅಂದರೆ ನಮ್ಮಂಥ ಊರಿನವರಿಗೆ ಒಂದು ಸಾಹಸ. ರಾತ್ರಿ ಎಂಟಕ್ಕೆ ಉಂಡು, ಬೆಳಿಗ್ಗೆ ಆರರ ಬಸ್ಸು ಹಿಡಿದು, ಲ್ಯಾಬಿನ ಪಾಳಿ ಮುಗಿಯುವಷ್ಟರಲ್ಲಿ ಹತ್ತೂವರೆ. ಚಹಾ ಕೂಡ ಇಲ್ಲ. ರಕ್ತ ಕೊಟ್ಟು ಹೊರಗೆ ಕಟ್ಟೆ ಮೇಲೆ ಕೂತು, ಕಟ್ಟಿಕೊಂಡು ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ನಮಗೆ ಬಸ್ಸು ಫ್ರೀ ಆಯಿತಲ್ಲ, ಅದಕ್ಕೇ ಇದೆಲ್ಲ ಸಾಧ್ಯವಾಯಿತು. ಮೊದಲಾಗಿದ್ದರೆ ಬಸ್ ಚಾರ್ಜಿಗೆ ಹೆದರಿ ಒಂದು ಟೆಸ್ಟನ್ನಾದರೂ ಬಿಡುತ್ತಿದ್ದೆ.

ರಿಪೋರ್ಟು ಬಂತು. ಶುಗರ್ 148. ಇನ್ನೊಮ್ಮೆ ಮಾಡಿಸಿದರು, 152. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ ಸಕ್ಕರೆ ಕಾಯಿಲೆ. ಟ್ರೈಗ್ಲಿಸರೈಡ್ 150ರೊಳಗೆ ಇರಬೇಕಾದದ್ದು 310. ಬಿಪಿ 146ಕ್ಕೆ 92. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ 6.3 ಇತ್ತು, ಅಂದರೆ ಗಡಿಯ ಒಳಗೆ. ನಾನು ಅದನ್ನೇ ಹಿಡಿದುಕೊಂಡೆ. ಡಾಕ್ಟರು ತಲೆ ಅಲ್ಲಾಡಿಸಿದರು. ಎಚ್‌ಐವಿ ಗುಳಿಗೆ ತಿನ್ನುವವರಲ್ಲಿ ಈ ಟೆಸ್ಟು ಕೆಲವು ಸಲ ಇರುವುದಕ್ಕಿಂತ ಕಡಿಮೆ ತೋರಿಸುತ್ತದಂತೆ. ನಮ್ಮಂಥವರಿಗೆ ಖಾಲಿ ಹೊಟ್ಟೆಯ ರಕ್ತವನ್ನೇ ಜಾಸ್ತಿ ನಂಬಬೇಕು. ಇದನ್ನು ಓದುವ ಪಾಸಿಟಿವ್ ಗೆಳೆಯರಿಗೆ ಹೇಳುತ್ತಿದ್ದೇನೆ. ಎಚ್‌ಬಿಎ1ಸಿ ಒಂದನ್ನೇ ನೋಡಿ ಬಚಾವಾದೆ ಅಂದುಕೊಳ್ಳಬೇಡಿ.

"ಇದು ಟಿಎಲ್‌ಡಿಯಿಂದಲೇ ಬಂತಾ?" ಎಂದು ಕೇಳಿದೆ. ಅವರ ಉತ್ತರ ನನಗೆ ಹಿಡಿಸಿತು. ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ನನ್ನ ಅವ್ವನಿಗೆ ಶುಗರ್ ಇತ್ತು. ನನಗೆ ಮುಟ್ಟು ನಿಂತಿದೆ. ದಿನಕ್ಕೆ ಹತ್ತು ತಾಸು ಕೂತೇ ಕೆಲಸ. ಹಳೇ ಸ್ಟಾವುಡಿನ್ ಮಾಡಿಟ್ಟ ಹಾನಿ ಒಂದು ಕಡೆ. ವೈರಸ್ಸು ಹಿಡಿತದಲ್ಲಿದ್ದರೂ ಮೈಯೊಳಗೆ ಸಣ್ಣಗೆ ಉರಿಯೂತ ಇದ್ದೇ ಇರುತ್ತದೆ, ರಕ್ತನಾಳಕ್ಕೆ ಅದೂ ಒಳ್ಳೆಯದಲ್ಲ. ಇಷ್ಟರ ಮೇಲೆ ಡೋಲುಟೆಗ್ರಾವಿರ್. ಅದರಿಂದ ತೂಕ ಏರುವುದು 2019ರ ಹೊತ್ತಿಗೆ ಜೋಹಾನ್ಸ್‌ಬರ್ಗ್‌ನಲ್ಲಿ, ಕ್ಯಾಮರೂನ್‌ನಲ್ಲಿ ಮಾಡಿದ ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿತ್ತು. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. "ಹಾಗಾದರೆ ಹಳೇದೇ ಕೊಡಿ" ಎಂದೆ. ವಾಪಸ್ ಹೋದರೆ ತೂಕ ಇಳಿದೇ ಇಳಿಯುತ್ತದೆ ಅಂತ ಭರವಸೆ ಇಲ್ಲ, ಇಷ್ಟು ಗಟ್ಟಿ ಗುಳಿಗೆ ಕೈಬಿಡುವುದು ಬುದ್ಧಿವಂತಿಕೆ ಅಲ್ಲ ಎಂದರು. ಗುಳಿಗೆ ಇರಲಿ, ಮಿಕ್ಕಿದ್ದನ್ನು ಹಿಡಿಯೋಣ ಅಂತ ತೀರ್ಮಾನವಾಯಿತು.

ಇಲ್ಲಿಂದ ಶುರುವಾಯಿತು ಓಡಾಟ. ಎಚ್‌ಐವಿಗೆ ಒಂದು ಕೋಣೆ, ಶುಗರಿಗೆ ಇನ್ನೊಂದು. ಒಂದು ಕೋಣೆಯವರಿಗೆ ಇನ್ನೊಂದು ಕೋಣೆಯಲ್ಲಿ ಏನಾಗುತ್ತಿದೆ ಗೊತ್ತಿಲ್ಲ. ನಡುವೆ ಚೀಟಿ ಹೊತ್ತುಕೊಂಡು ಓಡಾಡುವವರು ನಾವೇ. ನಾನು ಊರಿಗೆ ಹತ್ತಿರ ಆಗಲಿ ಅಂತ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆ. ಹಸಿರು ಪುಸ್ತಕ ತೋರಿಸಿದೆ. ಆ ಡಾಕ್ಟರು ಮುಖ ಸಿಂಡರಿಸಲಿಲ್ಲ, ಕೈ ಹಿಡಿದೇ ನಾಡಿ ನೋಡಿದರು. ಮೆಟ್‌ಫಾರ್ಮಿನ್ 500 ಎರಡು ಹೊತ್ತು ಕೊಟ್ಟರು. ತಿಂಗಳ ಮೇಲೆ ಶುಗರ್ ಇಳಿದಿಲ್ಲ ಅಂತ 1000 ಎರಡು ಹೊತ್ತು ಮಾಡಿದರು.

ಅಲ್ಲಿಂದ ನನ್ನ ಹೊಟ್ಟೆ ಪಾಡು ಕೇಳಬೇಡಿ. ಬೆಳಿಗ್ಗೆ ಎದ್ದರೆ ಭೇದಿ. ಊಟದ ವಾಸನೆಗೇ ಹೊಟ್ಟೆ ತೊಳಸುವುದು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗಲೇ ಎದ್ದು ಓಡಬೇಕು. ಶುಗರ್ ಗುಳಿಗೆ ಶುರುವಿನಲ್ಲಿ ಹೀಗೇ, ಒಗ್ಗುತ್ತದೆ ಎಂದರು ಕ್ಲಿನಿಕ್ಕಿನಲ್ಲಿ. ಒಗ್ಗಲಿಲ್ಲ. ಎಆರ್‌ಟಿ ಸೆಂಟರಿಗೆ ಗುಳಿಗೆ ತರಲು ಹೋದಾಗ ಚೀಟಿ ಮುಂದಿಟ್ಟೆ. ನೋಡಿದ ಕೂಡಲೇ ಡಾಕ್ಟರು, "ಇದನ್ನ ಇವತ್ತೇ ಅರ್ಧ ಮಾಡ್ರಿ" ಎಂದರು. ಮೆಟ್‌ಫಾರ್ಮಿನ್ ಮೈಯಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಆ ದಾರಿಯನ್ನು ಡೋಲುಟೆಗ್ರಾವಿರ್ ತಡೆಯುತ್ತದೆ. ಹಾಗಾಗಿ ನುಂಗಿದ ಮೆಟ್‌ಫಾರ್ಮಿನ್ ರಕ್ತದಲ್ಲಿ ಸುಮಾರು 79 ಶೇಕಡಾ ಜಾಸ್ತಿ ಉಳಿಯುತ್ತದೆ. ಟಿಎಲ್‌ಡಿ ತಿನ್ನುವವರು ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು. ನಾನು ತಿನ್ನುತ್ತಿದ್ದದ್ದು 2000. ಬೇಕಿದ್ದರೆ ಬೇರೆ ಜಾತಿಯ ಶುಗರ್ ಗುಳಿಗೆ ಸೇರಿಸಬಹುದು, ಇದನ್ನೇ ಏರಿಸುತ್ತಾ ಹೋಗಬಾರದು ಎಂದರು. ಅರ್ಧಕ್ಕೆ ಇಳಿಸಿದ ವಾರದಲ್ಲೇ ಹೊಟ್ಟೆ ತಣ್ಣಗಾಯಿತು.

ಕ್ಲಿನಿಕ್ಕಿನ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ನೂರಾರು ಶುಗರ್ ಪೇಷಂಟು ನೋಡುವವರು, ಅದರಲ್ಲಿ ಟಿಎಲ್‌ಡಿ ತಿನ್ನುವವರು ಎಷ್ಟು ಜನ ಸಿಗುತ್ತಾರೆ? ಸಿಕ್ಕವರಲ್ಲೂ ಬಾಯಿ ಬಿಡುವವರು ಎಷ್ಟು? ನಮ್ಮ ಪಾಸಿಟಿವ್ ಜನರ ಸಂಘದಲ್ಲಿ ಒಬ್ಬಾಕೆ ಇದ್ದಾಳೆ. ಶುಗರ್ ಡಾಕ್ಟರ ಹತ್ತಿರ ಹೋಗುವ ದಿನ ಎಆರ್‌ಟಿ ಗುಳಿಗೆಯ ಡಬ್ಬಿಯ ಮೇಲಿನ ಚೀಟಿ ಕಿತ್ತು ಬರುತ್ತಾಳೆ. ಆಕೆಯ ಭಾವನ ಮಗ ಅದೇ ಆಸ್ಪತ್ರೆಯಲ್ಲಿ ಕಂಪೌಂಡರ್. ಹೇಳು ಅಂತ ನಾನು ಹೇಗೆ ಬಲವಂತ ಮಾಡಲಿ?

ನನಗೂ ಒಂದು ಪ್ರಸಂಗ ಆಯಿತು. ಒಂದು ಲ್ಯಾಬಿನಲ್ಲಿ ರಕ್ತದ ಟ್ಯೂಬಿನ ಜೊತೆ ಹೋಗುವ ಚೀಟಿಯ ಮೇಲೆ, ಕೌಂಟರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ, ಕೆಂಪು ಪೆನ್ನಿನಲ್ಲಿ 'ಎಚ್‌ಐವಿ ಪಾಸಿಟಿವ್' ಅಂತ ದಪ್ಪಗೆ ಬರೆದಿದ್ದರು. ಕೆಳಗೆ ಎರಡು ಗೆರೆ ಬೇರೆ. ಹಿಂದೆ ನಿಂತವರು ಬಗ್ಗಿ ಓದುತ್ತಿದ್ದರು. ಮೊದಲಿನ ನಾನಾಗಿದ್ದರೆ ರಕ್ತ ಕೊಡದೆ ಎದ್ದು ಬರುತ್ತಿದ್ದೆ. ಆದರೆ 2017ರ ಎಚ್‌ಐವಿ ಕಾಯ್ದೆಯ ಬಗ್ಗೆ ಸಂಘದ ಮೀಟಿಂಗಿನಲ್ಲಿ ಕೇಳಿಸಿಕೊಂಡಿದ್ದೆ. 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ನಮ್ಮ ಒಪ್ಪಿಗೆ ಇಲ್ಲದೆ ಹೀಗೆ ಬಯಲು ಮಾಡುವ ಹಾಗಿಲ್ಲ, ಭೇದ ಮಾಡುವ ಹಾಗಿಲ್ಲ. "ತಮ್ಮಾ, ಹೊಸ ಚೀಟಿ ಬರಿ" ಎಂದೆ, ಅಷ್ಟೇ. ಹುಡುಗ ಮಾತಿಲ್ಲದೆ ಬರೆದ. ಕೈ ನಡುಗಿದ್ದು ನನ್ನದೇ.

ಊಟದ ವಿಷಯಕ್ಕೆ ಬರುತ್ತೇನೆ. ಕ್ಲಿನಿಕ್ಕಿನಲ್ಲಿ ಕೊಟ್ಟ ಅಚ್ಚು ಹಾಕಿದ ಪಟ್ಟಿಯಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸಲಾಡ್ ಇತ್ತು. ನಮ್ಮೂರಿನಲ್ಲಿ ಇವೆಲ್ಲ ಯಾರಿಗೆ ಸಿಗುತ್ತವೆ? ಸೆಂಟರಿನ ಕೌನ್ಸೆಲರ್ ನನ್ನ ಊರ ಕಡೆಯವರೇ. ಆಕೆ ಕೇಳಿದ್ದು ಒಂದೇ: ದಿನಕ್ಕೆ ಏನೇನು ಬಾಯಿಗೆ ಹೋಗುತ್ತದೆ, ಇದ್ದದ್ದು ಇದ್ದಹಾಗೆ ಹೇಳಿ. ಹೇಳುತ್ತಾ ಹೋದೆ. ಜೋಳದ ರೊಟ್ಟಿ, ಪಲ್ಲೆ, ಹಸಿ ಉಳ್ಳಾಗಡ್ಡಿ, ಮೊಸರು. ಅದೆಲ್ಲ ಸರಿಯೇ ಇತ್ತು. ಕೆಟ್ಟದ್ದು ಅಂಗಡಿಯ ಚಹಾ. ಬಂದ ಗಿರಾಕಿಗೆಲ್ಲ ಚಹಾ ತರಿಸುವುದು, ಜೊತೆಗೆ ನಾನೂ ಕುಡಿಯುವುದು. ನಮ್ಮದು ಕಬ್ಬಿನ ಸೀಮೆ, ಇಲ್ಲಿಯ ಚಹಾ ಅಂದರೆ ಸಕ್ಕರೆ ಪಾಕ. ಸಂಜೆ ಚುರುಮುರಿ, ಮಿರ್ಚಿ. ರಾತ್ರಿ ಒಬ್ಬಳಿಗೆ ರೊಟ್ಟಿ ಬಡಿಯುವ ಬೇಜಾರಿಗೆ ತಟ್ಟೆ ತುಂಬ ಅನ್ನ. ಅನ್ನ ಬಿಟ್ಟೆ. ಮಧ್ಯಾಹ್ನವೇ ರಾತ್ರಿಗೂ ರೊಟ್ಟಿ ಬಡಿದಿಟ್ಟುಕೊಳ್ಳುತ್ತೇನೆ. ಚಹಾಕ್ಕೆ ಸಕ್ಕರೆ ಬಿಡುವುದು ಮಾತ್ರ ನನ್ನಿಂದ ಆಗಲೇ ಇಲ್ಲ. ದಿನಕ್ಕೆ ಎರಡು ಕಪ್ಪಿಗೆ ಇಳಿಸಿದ್ದೇನೆ. ಇನ್ನೊಂದು ಮಾಡಿದೆ. ಮಷಿನ್ನಿನ ಮೋಟರ್ ಬಿಚ್ಚಿಸಿದೆ. ದೊಡ್ಡ ಆರ್ಡರ್ ಬಂದಾಗ ಮಾತ್ರ ಹಾಕಿಸುತ್ತೇನೆ. ತುಳಿಯುವುದನ್ನು ಡಾಕ್ಟರು ವ್ಯಾಯಾಮದ ಲೆಕ್ಕಕ್ಕೆ ಹಿಡಿಯಲಿಲ್ಲ, ಅರ್ಧ ತಾಸು ಬಿರುಸಾಗಿ ನಡಿಯಲೇಬೇಕು ಎಂದರು. ಕೆರೆ ಏರಿ ಮೇಲೆ ನಡೆಯುತ್ತೇನೆ.

ಕಾಲು ಮತ್ತೆ ಉರಿಯಲು ಶುರುವಾದಾಗ ನಾನು ಹಳೇ ಸ್ಟಾವುಡಿನ್ ಉರಿಯೇ ವಾಪಸ್ ಬಂತು ಅಂದುಕೊಂಡಿದ್ದೆ. ಡಾಕ್ಟರು ಒಂದು ನೈಲಾನ್ ಎಳೆ ತೆಗೆದು ಅಂಗಾಲಿನ ಬೇರೆ ಬೇರೆ ಕಡೆ ಒತ್ತಿದರು. ಎಲ್ಲಿ ಮುಟ್ಟಿದೆ ಹೇಳಿ ಎಂದರು. ದಿನಾ ದಾರದ ಜೊತೆ ಇರುವವಳು ನಾನು, ಆ ಎಳೆ ಹೆಬ್ಬೆರಳಿಗೆ ಒತ್ತಿ ಬಾಗಿದ್ದು ಕಣ್ಣಿಗೆ ಕಂಡಿತು, ಕಾಲಿಗೆ ಗೊತ್ತಾಗಲಿಲ್ಲ. ಹಳೇ ಪೆಟ್ಟು ಎಷ್ಟು, ಶುಗರಿನ ಪೆಟ್ಟು ಎಷ್ಟು ಅಂತ ಬೇರೆ ಮಾಡಲು ಬರುವುದಿಲ್ಲವಂತೆ. ಈಗ ನಮ್ಮ ಕೈಯಲ್ಲಿರುವುದು ಶುಗರ್ ಹಿಡಿದಿಡುವುದು. ಈಗ ಬರಿಗಾಲಲ್ಲಿ ಅಂಗಳಕ್ಕೂ ಇಳಿಯುವುದಿಲ್ಲ. ಕಟಿಂಗ್ ಟೇಬಲ್ಲಿನ ಕೆಳಗೆ ಬಿದ್ದ ಗುಂಡುಪಿನ್ನು ಕಾಲಿಗೆ ಚುಚ್ಚಿದರೂ ತಿಳಿಯದಲ್ಲ.

ಟ್ರೈಗ್ಲಿಸರೈಡು, ಕೊಲೆಸ್ಟ್ರಾಲಿಗೆ ರಾತ್ರಿ ಒಂದು ಅಟೊರ್ವಾಸ್ಟಾಟಿನ್ ಕೊಡುತ್ತಾರೆ. ಟಿಎಲ್‌ಡಿ ಜೊತೆಗೆ ಅದಕ್ಕೆ ತಕರಾರಿಲ್ಲ. ಆದರೆ ಮೊದಲ ಗುಳಿಗೆ ನಾಟದೆ ಹೋದವರಿಗೆ ಕೊಡುವ ಸೆಕೆಂಡ್ ಲೈನಿನಲ್ಲಿ ರಿಟೊನಾವಿರ್ ಇರುವ ಗುಳಿಗೆ ತಿನ್ನುವವರು ಹುಷಾರಾಗಿರಬೇಕು. ಅವರಿಗೆ ಸಿಮ್ವಾಸ್ಟಾಟಿನ್ ಕೊಡಲೇಬಾರದು, ಅಟೊರ್ವಾಸ್ಟಾಟಿನ್ ಕೂಡ ಕಡಿಮೆ ಡೋಸ್. "ಎದೆ ನೋವಿಲ್ಲ, ಏನಿಲ್ಲ, ನನಗ್ಯಾಕೆ ಹಾರ್ಟ್ ಗುಳಿಗೆ" ಅಂದಾಗ ಡಾಕ್ಟರು 2023ರಲ್ಲಿ ಬಂದ ರಿಪ್ರೀವ್ ಅಧ್ಯಯನದ ಕಥೆ ಹೇಳಿದರು. ಭಾರತವೂ ಸೇರಿ 12 ದೇಶಗಳ 7,769 ಎಚ್‌ಐವಿ ಪಾಸಿಟಿವ್ ಜನ. ಎಲ್ಲರೂ ನಲವತ್ತು ದಾಟಿದವರು, ಹೃದಯದ ಅಪಾಯ ತೀರಾ ಜಾಸ್ತಿಯೇನೂ ಇಲ್ಲದವರು. ಅರ್ಧ ಜನಕ್ಕೆ ನನ್ನ ಗುಳಿಗೆಯ ಜಾತಿಯದೇ ಪಿಟಾವಾಸ್ಟಾಟಿನ್, ಅರ್ಧ ಜನಕ್ಕೆ ಬರೀ ಸುಳ್ಳು ಗುಳಿಗೆ. ಗುಳಿಗೆ ತಿಂದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕಿನಂಥ ದೊಡ್ಡ ಹೊಡೆತ 35 ಶೇಕಡಾ ಕಡಿಮೆ. ನಮ್ಮಂಥವರ ಮೇಲೇ ನಡೆದ ಅಧ್ಯಯನ ಅಂದಾಗ ನನಗೆ ಮನಸ್ಸಿಗೆ ಬಂತು, ತಿನ್ನುತ್ತಿದ್ದೇನೆ.

ಕ್ಯಾಲ್ಸಿಯಂ ಗುಳಿಗೆಯದ್ದು ಸಣ್ಣ ವಿಷಯ, ಆದರೆ ಬಹಳ ಜನಕ್ಕೆ ಗೊತ್ತಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳು ಖಾಲಿ ಹೊಟ್ಟೆಯಲ್ಲಿ ಡೋಲುಟೆಗ್ರಾವಿರ್ ಜೊತೆ ಸೇರಿದರೆ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟದ ಜೊತೆ ಆದರೆ ಎರಡೂ ಒಟ್ಟಿಗೆ ನಡೆಯುತ್ತದೆ. ಇಲ್ಲವಾದರೆ ಟಿಎಲ್‌ಡಿ ನುಂಗಿ ಎರಡು ತಾಸಾದ ಮೇಲೆ ಕ್ಯಾಲ್ಸಿಯಂ. ಗ್ಯಾಸಿಗೆ ಅಂತ ಕುಡಿಯುವ ಗುಲಾಬಿ ಔಷಧಿಯನ್ನು ಮಾತ್ರ ಊಟದ ಜೊತೆಗೂ ಟಿಎಲ್‌ಡಿ ಹತ್ತಿರ ತರಬಾರದು.

ಈಗ ಒಂದು ತಮಾಷೆ ಹೇಳುತ್ತೇನೆ. ಶುಗರ್ ಬಂದಮೇಲೆ ನನ್ನ ಸಾಮಾಜಿಕ ಜೀವನ ಸುಧಾರಿಸಿದೆ. ನಿಜವಾಗಿಯೂ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸಲು ಬಂದವರಿಗೆ "ನಂಗ ಶುಗರ್ ಐತ್ರಿ" ಅಂತ ಗಟ್ಟಿಯಾಗಿ ಹೇಳುತ್ತೇನೆ. ಹತ್ತು ಜನ ತಿರುಗಿ ನೋಡುತ್ತಾರೆ, ಒಬ್ಬರೂ ದೂರ ಸರಿಯುವುದಿಲ್ಲ. "ನನಗೂ ಐತಿ" ಅಂತ ಪಕ್ಕದವರು ಹತ್ತಿರ ಬರುತ್ತಾರೆ. ಮೆಂತ್ಯ ನೆನೆಸಿ ತಿನ್ನು, ಹಾಗಲಕಾಯಿ ರಸ ಕುಡಿ, ನಮ್ಮ ಮಾವನಿಗೆ ಒಬ್ಬರು ಪುಡಿ ಕೊಟ್ಟಿದ್ದರು. ಇಷ್ಟು ವರ್ಷ ಗುಳಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನುಂಗಿದವಳು ನಾನು. ಈಗ ಎಲ್ಲರೆದುರು ಡಬ್ಬಿ ತೆಗೆದು ನುಂಗುತ್ತೇನೆ. ಟಿಎಲ್‌ಡಿ ಕೂಡ ಅದೇ ಡಬ್ಬಿಯಲ್ಲಿ ಇರುತ್ತದೆ. "ಎಷ್ಟೊಂದು ಶುಗರ್ ಗುಳಿಗಿ ಪಾಪ" ಅನ್ನುತ್ತಾರೆ. ಹೂಂ ಅನ್ನುತ್ತೇನೆ. ಎರಡೂ ಜೀವನ ಪೂರ್ತಿ ಇರುವ ಕಾಯಿಲೆಯೇ, ಎರಡಕ್ಕೂ ದಿನಾ ಗುಳಿಗೆಯೇ. ಒಂದಕ್ಕೆ ಮೆಂತ್ಯದ ಬುದ್ಧಿಮಾತು, ಇನ್ನೊಂದಕ್ಕೆ ಬೇರೆ ಲೋಟ. ಪುಡಿ ಮಾತ್ರ ನಾನು ತಿನ್ನುವುದಿಲ್ಲ. ಅದರಲ್ಲಿ ಏನಿರುತ್ತದೋ, ನನ್ನ ಲಿವರು, ಕಿಡ್ನಿಗೆ ಈಗಿರುವ ಕೆಲಸವೇ ಸಾಕು.

ಕಿಡ್ನಿಯದ್ದೇ ಈಗಿನ ಲೆಕ್ಕ. ಕಳೆದ ರಿಪೋರ್ಟಿನಲ್ಲಿ ತೂಕ 63, ಖಾಲಿ ಹೊಟ್ಟೆಯ ಶುಗರ್ 116, ಟ್ರೈಗ್ಲಿಸರೈಡ್ 190. ಸೊಂಟ 34. ಕ್ರಿಯಾಟಿನಿನ್ ಸ್ವಲ್ಪ ಏರಿದೆ. ಡೋಲುಟೆಗ್ರಾವಿರ್ ತಿಂದರೆ ಕಿಡ್ನಿ ಕೆಡದೆಯೂ ಆ ಅಂಕೆ ತುಸು ಏರುತ್ತದೆ, ಅದು ಶುರುವಿನಲ್ಲೇ ಏರಿ ಅಲ್ಲೇ ನಿಲ್ಲುತ್ತದೆ. ಆದರೆ ಟೆನೊಫೊವಿರ್ ನಿಜವಾಗಿಯೂ ಕಿಡ್ನಿಗೆ ತೊಂದರೆ ಕೊಡಬಹುದು. ಶುಗರ್ ಕೊಡಬಹುದು, ಬಿಪಿಯೂ ಕೊಡಬಹುದು. ಯಾವುದರಿಂದ ಅಂತ ನೋಡಲು ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದೆಯಾ ಅಂತ ಮತ್ತೊಮ್ಮೆ ಟೆಸ್ಟ್ ಬರೆದಿದ್ದಾರೆ. ಹೋಗುತ್ತಿದ್ದರೆ ಟೆನೊಫೊವಿರ್ ಬದಲು ಬೇರೆ ಏನು ಅನ್ನುವ ಮಾತು ಬರುತ್ತದೆ. ಅಬಕಾವಿರ್ ಇದೆ, ಆದರೆ ಹೃದಯದ ಅಪಾಯ ಇರುವವರಿಗೆ ಅದನ್ನು ಯೋಚಿಸಿ ಕೊಡಬೇಕಂತೆ. ಪ್ರಶ್ನೆಗಳನ್ನು ಅಳತೆ ಪುಸ್ತಕದಲ್ಲಿ ನನ್ನ ಹಾಳೆಯ ಹಿಂದೆ ಬರೆದುಕೊಂಡಿದ್ದೇನೆ. ಮುಂದಿನ ಸೋಮವಾರ ಆರರ ಬಸ್ಸು.